ರಿಯರ್ ಬ್ಯಾಗ್ ಒಳಗೆ ಏನಿದೆ ಎಂದು ನೋಡದೆ ಒಂದು ಗುಂಡನ್ನೂ ಹೊಡೆಯಬೇಡಿ

ಬೆಂಚ್‌ರೆಸ್ಟ್ ಶೂಟಿಂಗ್‌ಗೆ (ರೈಫಲ್ಲನ್ನು ಬೆಂಚಿನ ಮೇಲೆ ಆನಿಸಿಟ್ಟು ಗುರಿ ಹೊಡೆಯುವ ಕ್ರೀಡೆ) ರಿಯರ್ ಬ್ಯಾಗ್, ಅಂದರೆ ರೈಫಲ್ಲಿನ ಹಿಂಭಾಗಕ್ಕೆ ಆಸರೆಯಾಗುವ ಮರಳು ಚೀಲ, ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಹಣ ಕಳಿಸಿ. ನನ್ನ ಹಣ ಹೋಯಿತು, ಅದನ್ನು ಹೇಗೋ ಸಹಿಸಿಕೊಳ್ಳಬಹುದು. ಆದರೆ 9 ವಾರ ಹೋಯಿತು, 300ಕ್ಕೂ ಹೆಚ್ಚು ಗುಂಡು ಹೋಯಿತು, ಬ್ಯಾರೆಲ್ಲಿನ ಆಯುಷ್ಯ ಅಷ್ಟರ ಮಟ್ಟಿಗೆ ಸವೆಯಿತು. ಅದನ್ನು ಯಾರೂ ಹಿಂದಕ್ಕೆ ಕೊಡಲಾರರು. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಚೀಲ ಇಂದಿಗೂ ಅದೇ ಮಾತುಗಳಿಂದ ಮಾರಾಟವಾಗುತ್ತಿದೆ.

ಮೊದಲ ವರ್ಷವೆಲ್ಲ ನಾನು ಗೆಳೆಯರೊಬ್ಬರ ಚೀಲವನ್ನು ಎರವಲು ಪಡೆದು ಹೊಡೆಯುತ್ತಿದ್ದೆ. ಅದರ ಮೇಲೆ ನನ್ನ ರೈಫಲ್ 100 ಗಜದಲ್ಲಿ 5 ಗುಂಡಿನ ಗ್ರೂಪನ್ನು (ಗುರಿಹಾಳೆಯ ಮೇಲೆ ಗುಂಡುಗಳ ಹರಡಿಕೆ, ಕಿರಿದಾದಷ್ಟೂ ಒಳ್ಳೆಯದು) 0.3 ಇಂಚಿನ ಆಸುಪಾಸಿನಲ್ಲಿ ಕೊಡುತ್ತಿತ್ತು. ಗೆದ್ದು ಬರುವ ಅಂಕವಲ್ಲ, ಆದರೆ ರೈಫಲ್ ಸರಿಯಿದೆ ಎಂದು ತಿಳಿಯಲು ಸಾಕು. ಎಷ್ಟು ದಿನ ಇನ್ನೊಬ್ಬರ ವಸ್ತು ಎಂದು ಸ್ವಂತದ್ದೊಂದನ್ನು ಹುಡುಕಿದೆ. ಒಬ್ಬ ಮಾರಾಟಗಾರನ ಚೀಲ ಕಣ್ಣಿಗೆ ಬಿತ್ತು. ದಪ್ಪ ಚರ್ಮ, ಎರಡು ಸಾಲು ಹೊಲಿಗೆ, ಎತ್ತರದ ಎರಡು ಕಿವಿ, ಅಂದರೆ ರೈಫಲ್ಲನ್ನು ನಡುವೆ ಕೂರಿಸಿಕೊಳ್ಳುವ ಮೇಲಿನ ಉಬ್ಬುಗಳು. ‘ಬೆಂಚ್‌ರೆಸ್ಟ್‌ಗೆಂದೇ ತಯಾರಿಸಿದ್ದು, ಭಾರದ ಭರ್ತಿಯೊಂದಿಗೆ’ ಎಂದು ಬರೆದಿತ್ತು. ಚಿತ್ರದಲ್ಲಿ ಚೀಲದ ಪಕ್ಕ ಕಪ್ಪಗೆ ಹೊಳೆಯುವ ಮರಳಿನ ಸಣ್ಣ ಗುಡ್ಡೆ. ನೋಡಿದವರು ಯಾರೇ ಆದರೂ ಕ್ರೋಮೈಟ್ ಎಂಬ ಭಾರದ ಕಪ್ಪು ಮರಳು ಎಂದೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ.

ಸುಮ್ಮನೆ ಕೊಳ್ಳಲಿಲ್ಲ, ಕೇಳಿಯೇ ಕೊಂಡೆ. ‘ಒಳಗಿರುವುದು ಯಾವ ಮರಳು?’ ಎಂದು ಬರೆದೆ. ‘ಬೆಂಚ್‌ರೆಸ್ಟ್‌ಗೆ ತಕ್ಕ ಭಾರದ ಭರ್ತಿ ಸರ್’ ಎಂದು ಉತ್ತರ ಬಂತು. ‘ತುಂಬಿದ ಮೇಲೆ ಎಷ್ಟು ಕೆಜಿ ಬರುತ್ತದೆ?’ ಎಂದೆ. ‘ಕೈಯಿಂದ ತುಂಬುವುದರಿಂದ ಚೀಲದಿಂದ ಚೀಲಕ್ಕೆ ವ್ಯತ್ಯಾಸ ಇರುತ್ತದೆ ಸರ್’ ಎಂದರು. ‘ನನ್ನ ಸ್ಟಾಕಿನ ತಳ ಕಿರಿದಾಗಿ ದುಂಡಗಿದೆ, ಕಿವಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಜಾಗ ಬೇಡ’ ಎಂದು ಅಳತೆಯನ್ನೂ ಬರೆದೆ (ಸ್ಟಾಕ್ ಎಂದರೆ ಭುಜಕ್ಕೆ ಆನುವ ರೈಫಲ್ಲಿನ ಹಿಂಭಾಗ). ‘ಸರಿ ಸರ್, ಯೋಚನೆ ಬೇಡ’ ಎಂದರು. ಈ ಉತ್ತರಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಚೀಲ ಬಂತು. ಎತ್ತಿದಾಗ ಹಗುರ ಅನ್ನಿಸಿತು. ಅನ್ನಿಸಿದ್ದನ್ನು ನಾನೇ ನುಂಗಿಕೊಂಡೆ. ಹೊಸ ಚರ್ಮದ ವಾಸನೆ, ಅಚ್ಚುಕಟ್ಟಾದ ಹೊಲಿಗೆ, ಎದ್ದು ನಿಂತ ಕಿವಿಗಳು. ಮನಸ್ಸು ಅದರಲ್ಲೇ ಹೋಯಿತು. ಮನೆಯಲ್ಲಿ ತಕ್ಕಡಿ ಇತ್ತು. ತೂಗಲಿಲ್ಲ. ಎರಡು ನಿಮಿಷದ ಕೆಲಸ, ಮಾಡಲಿಲ್ಲ.

ಕಿವಿಗಳ ನಡುವಿನ ಜಾಗ ಮುಕ್ಕಾಲು ಇಂಚು ಇತ್ತು, ನಾನು ಕೇಳಿದ್ದಲ್ಲ. ಸ್ಟಾಕ್ ಕಿವಿಗಳ ಒಳಬದಿಗೆ ಒರಗಿ ಕೂರುವ ಬದಲು ನೇರ ಕೆಳಗಿಳಿದು ನಡುವಿನ ಹೊಲಿಗೆಯ ಮೇಲೆ ಕುಳಿತಿತ್ತು. ಇದನ್ನು ತಿಳಿಸಿದಾಗ ‘ಚರ್ಮ ಬಳಸುತ್ತಾ ಬಳಸುತ್ತಾ ಸ್ಟಾಕಿಗೆ ಹೊಂದಿಕೊಳ್ಳುತ್ತದೆ ಸರ್’ ಎಂದರು. ಹೊಂದಿಕೊಳ್ಳುವುದಿಲ್ಲ. ಕಿವಿಗಳ ನಡುವಿನ ಅಂತರ ಹೊಲಿಗೆಯಲ್ಲಿ ಕೂತುಬಿಟ್ಟ ಸಂಗತಿ, ಅದು ಬಳಕೆಯಿಂದ ಕಿರಿದಾಗುವುದಿಲ್ಲ. ಅಂದು ನಾನು ನಂಬಿದೆ.

ಮೊದಲ ದಿನವೇ ಗ್ರೂಪ್ 0.9 ಇಂಚು. ಅಗಲಕ್ಕೆ ಏನೂ ಇಲ್ಲ, ಎಲ್ಲವೂ ಉದ್ದಕ್ಕೆ. ಮೂರು ಗುಂಡು ಕೆಳಗೆ, ಎರಡು ಮೇಲೆ, ಗುರಿಹಾಳೆಯ ಮೇಲೆ ಯಾರೋ ನೆಟ್ಟಗೆ ಗೆರೆ ಎಳೆದ ಹಾಗೆ. ಈ ಆಟ ಆಡುವವರಿಗೆ ಗೊತ್ತು, ಉದ್ದಕ್ಕೆ ಹರಡಿದರೆ ಮೊದಲು ಅನುಮಾನ ಬರುವುದು ಮದ್ದಿನ ಮೇಲೆ. ನನಗೂ ಹಾಗೆಯೇ ಬಂತು. ಮದ್ದಿನ ತೂಕ ಬದಲಿಸಿದೆ. ಗುಂಡನ್ನು ಕೂರಿಸುವ ಆಳ ಬದಲಿಸಿದೆ. ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಬದಲಿಸಿದೆ. ಸ್ಕೋಪಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದೆ. ಕೊನೆಗೆ ಸ್ಕೋಪನ್ನೇ ಬದಲಿಸಿ ನೋಡಿದೆ. ಪ್ರತಿ ಬಾರಿಯೂ 0.7, 0.8, 0.9. ಪ್ರತಿ ಗುಂಡಿನ ನಂತರ ರೈಫಲ್ಲನ್ನು ಮುಂದಕ್ಕೆ ತಳ್ಳಿ ನೋಡಿದರೆ ಸ್ಕೋಪಿನೊಳಗಿನ ಗುರಿಗೆರೆ, ಅಂದರೆ ಕ್ರಾಸ್‌ಹೇರ್, ಮೊದಲಿನ ಜಾಗಕ್ಕೆ ಬರುತ್ತಲೇ ಇರಲಿಲ್ಲ, ಒಂದಿಷ್ಟು ಮೇಲೆಯೇ ನಿಲ್ಲುತ್ತಿತ್ತು. ಕಣ್ಣೆದುರಿಗೇ ಕಾಣುತ್ತಿತ್ತು! ಹಿಂಭಾಗ ಕುಸಿಯುತ್ತಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು? ಆದರೂ ನಾನು ರೈಫಲ್ಲಿನ ಮುಂಭಾಗ ಹೊರುವ ರೆಸ್ಟನ್ನು ಇಳಿಸಿ ಸರಿಪಡಿಸಿಕೊಂಡು ಹೊಡೆಯುತ್ತಲೇ ಇದ್ದೆ.

ಮಾರಾಟಗಾರನಿಗೆ ಬರೆದೆ. ಉತ್ತರ: ‘ಹೊಸ ಚೀಲ ಕೂರಲು ಸಮಯ ಬೇಕು ಸರ್. ಒಂದು 200 ಗುಂಡು ಹೊಡೆಯಿರಿ, ಸರಿಹೋಗುತ್ತದೆ.’

ನಾನು 200 ಗುಂಡು ಹೊಡೆದೆ. ಹೌದು, ಅವರು ಹೇಳಿದರೆಂದು ಹೊಡೆದೆ. ಮತ್ತೆ ಬರೆದಾಗ ಬಂದ ಉತ್ತರ: ‘ನಮ್ಮ ಬೇರೆ ಗ್ರಾಹಕರು ಯಾರೂ ಹೀಗೆ ಹೇಳಿಲ್ಲ. ಟ್ರಿಗರ್ ಎಳೆಯುವ ಅಭ್ಯಾಸವನ್ನು ಒಮ್ಮೆ ಗಮನಿಸಿಕೊಳ್ಳಿ.’

ಆ ರಾತ್ರಿ ನಾನು ನಿಜವಾಗಿಯೂ ನನ್ನ ಕೈಯನ್ನೇ ಅನುಮಾನಿಸಿದೆ. ತಪ್ಪು ನನ್ನದೇ ಇರಬೇಕು ಎಂದು ಕೂತೆ. ಇದನ್ನು ಮಾತ್ರ ಮರೆಯಲಾರೆ.

ನಿಜ ಹೊರಬಿದ್ದದ್ದು ಒಂದು ಅಭ್ಯಾಸದ ದಿನ. ಪಕ್ಕದ ಬೆಂಚಿನಲ್ಲಿ ಹಿರಿಯರೊಬ್ಬರು ಇದ್ದರು. ನನ್ನ ಗುರಿಹಾಳೆಯನ್ನು ನೋಡಿದರು, ಏನೂ ಹೇಳಲಿಲ್ಲ. ಗುಂಡು ನಿಲ್ಲಿಸುವ ಸೂಚನೆ ಬಂದು ಎಲ್ಲರೂ ಬೋಲ್ಟ್ ತೆಗೆದಿಟ್ಟ ಮೇಲೆ ಹತ್ತಿರ ಬಂದು ಚೀಲದ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ತೆಗೆದರು, ಕಿವಿ ಮೆಲ್ಲಗೆ ಉಬ್ಬಿ ಮೊದಲಿನಂತಾಯಿತು. ಮರಳು ಹಾಗೆ ಉಬ್ಬುವುದಿಲ್ಲ. ಒತ್ತಿದ ಗುರುತು ಒತ್ತಿದ ಹಾಗೆಯೇ ಉಳಿಯುತ್ತದೆ.

‘ಇದಕ್ಕೆ ಏನು ತುಂಬಿದ್ದೀರಿ?’ ಎಂದು ಕೇಳಿದರು.

‘ಭಾರದ ಮರಳು’ ಎಂದೆ. ನಾಲ್ಕೈದು ಜನ ಸುತ್ತ ನಿಂತಿದ್ದರು.

ಅವರು ಮಾತಾಡದೆ ಚೀಲವನ್ನು ಎತ್ತಿಕೊಂಡು ಹೋಗಿ, ಸ್ಪರ್ಧೆಯಲ್ಲಿ ರೈಫಲ್ ತೂಗಲು ಇಟ್ಟಿದ್ದ ತಕ್ಕಡಿಯ ಮೇಲೆ ಇಟ್ಟರು. ಲೈಟ್ ವಾರ್ಮಿಂಟ್ ವರ್ಗದ ರೈಫಲ್ 10.5 ಪೌಂಡ್ ಮೀರಬಾರದೆಂದು ತೂಗುತ್ತಾರಲ್ಲ, ಅದೇ ತಕ್ಕಡಿ. ನನ್ನ ಚೀಲ 2 ಕೆಜಿ 800 ಗ್ರಾಂ ತೂಗಿತು. ಆ ಅಳತೆಯ ಚೀಲಕ್ಕೆ ಸಾಧಾರಣ ಸಿಲಿಕಾ ಮರಳು ತುಂಬಿದರೂ 4 ಕೆಜಿ ದಾಟಬೇಕು. ಎರಕದ ಕೆಲಸಕ್ಕೆ ಬಳಸುವ ಜಿರ್ಕಾನ್ ಮರಳು ತುಂಬಿದರೆ 7 ಕೆಜಿಯ ಹತ್ತಿರ ಬರಬೇಕು.

ತಳದ ಬಾಯಿಯ ದಾರ ಬಿಚ್ಚಿ ಬೆಂಚಿನ ಮೇಲೆಯೇ ಸುರಿದೆವು. ಮೊದಲು ಮೂರು ಬೆರಳಷ್ಟು ಮರಳು ಬಂತು, ಕಪ್ಪು ಮರಳೂ ಅಲ್ಲ, ಮಾಮೂಲಿ ಮರಳು. ಅದರ ಹಿಂದೆ ಬಿಳಿ ಪ್ಲಾಸ್ಟಿಕ್ ಮಣಿಗಳು. ಸುರಿದ ಹಾಗೆ ಕಾಂಕ್ರೀಟಿನ ಮೇಲೆ ಪುಟಿದು ನಾಲ್ಕು ದಿಕ್ಕಿಗೂ ಓಡಿದವು. ಕೆಲವು ನನ್ನ ಅಂಗಿಯ ತೋಳಿಗೆ ಅಂಟಿಕೊಂಡವು, ಕೊಡವಿದರೂ ಬೀಳಲಿಲ್ಲ. ಕಿವಿಯೊಳಗೆ ಬೆರಳು ಹಾಕಿ ಎಳೆದರೆ ಮಡಿಚಿ ತುರುಕಿದ ಸ್ಪಂಜಿನ ತುಂಡು ಬಂತು. ಎರಡು ಕಿವಿಗೂ ಒಂದೊಂದು. ಬಾಯಿ ಬಿಚ್ಚಿದವನಿಗೆ ಮೊದಲು ಮರಳು ಕಾಣಲಿ ಎಂದೇ ಬಾಯಿಯ ಬಳಿ ಮರಳು ಹಾಕಿದ್ದಾರೆ. ಇದು ಅಜಾಗರೂಕತೆಯಲ್ಲ, ಯೋಚಿಸಿ ಮಾಡಿದ ಕೆಲಸ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಒಬ್ಬರು ಬಗ್ಗಿ ಮಣಿಗಳನ್ನು ಆಯಲು ಸಹಾಯ ಮಾಡಿದರು, ನನಗೆ ತಲೆ ಎತ್ತಲಾಗಲಿಲ್ಲ.

ಮಣಿಗೂ ಮರಳಿಗೂ ಏನು ದೊಡ್ಡ ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಹೇಳಿ: ಮೂಲೆಯುಳ್ಳ ಮರಳಿನ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ದುಂಡು ಮಣಿಗಳು ಒಂದರ ಮೇಲೊಂದು ಉರುಳುತ್ತವೆ. ಬೆಂಚ್‌ರೆಸ್ಟ್‌ನಲ್ಲಿ ನಾವು ರೈಫಲ್ಲನ್ನು ಹಿಡಿಯುವುದೇ ಕಡಿಮೆ, ಮುಂದಿನ ರೆಸ್ಟ್ ಮತ್ತು ಹಿಂದಿನ ಚೀಲವೇ ಹಿಡಿಯುವುದು. ಪ್ರತಿ ಗುಂಡಿಗೂ ರೈಫಲ್ ಅದೇ ದಾರಿಯಲ್ಲಿ ಹಿಂದಕ್ಕೆ ಜಾರಬೇಕು. ಹಿಂದಿನ ಚೀಲ ಗುಂಡಿನಿಂದ ಗುಂಡಿಗೆ ಒಂದೊಂದು ರೀತಿ ಕುಸಿದರೆ ಗ್ರೂಪ್ ಉದ್ದಕ್ಕೆ ಹರಿಯದೆ ಇನ್ನೇನಾಗುತ್ತದೆ? ಅದೂ ಅಲ್ಲದೆ, ಮರಳು ಚೀಲದಲ್ಲಿ ಒಣಗಿದ ನುಣ್ಣನೆಯ ಖನಿಜ ಕಣಗಳೇ ಇರಬೇಕು ಎಂಬುದು ಈ ಕ್ರೀಡೆಯ ನಿಯಮದಲ್ಲಿರುವ ಮಾತು. ಅಂದರೆ ‘ಬೆಂಚ್‌ರೆಸ್ಟ್‌ಗೆಂದೇ ತಯಾರಿಸಿದ’ ಆ ಚೀಲವನ್ನು ಬೆಂಚ್‌ರೆಸ್ಟ್ ಸ್ಪರ್ಧೆಗೆ ಒಯ್ದಿದ್ದರೆ ನಿಯಮ ಮುರಿದವನು ನಾನಾಗುತ್ತಿದ್ದೆ.

ಚಿತ್ರ ತೆಗೆದು ಮಾರಾಟಗಾರನಿಗೆ ಕಳಿಸಿದೆ. ಮಣಿಗಳ ಚಿತ್ರ, ಸ್ಪಂಜಿನ ಚಿತ್ರ, ತಕ್ಕಡಿಯ ಚಿತ್ರ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ: ‘ಬಾಯಿ ಬಿಚ್ಚಿದ ಚೀಲವನ್ನು ನಾವು ಹಿಂದಕ್ಕೆ ಪಡೆಯುವುದಿಲ್ಲ.’

ಬಿಚ್ಚದೆ ಒಳಗಿರುವುದು ತಿಳಿಯುವುದು ಹೇಗೆ ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ. ಮರಳು ಎಂದು ಹೇಳಿ ಪ್ಲಾಸ್ಟಿಕ್ ಕೊಟ್ಟಿರಲ್ಲ ಎಂದೆ. ಅದಕ್ಕೆ ಬಂತು ಉತ್ತರ: ‘ನಾವು ಎಲ್ಲಿಯೂ ಮರಳು ಎಂದು ಹೇಳಿಲ್ಲ ಸರ್. ಭಾರದ ಭರ್ತಿ ಎಂದು ಹೇಳಿದ್ದೇವೆ. ದಯವಿಟ್ಟು ಇನ್ನೊಮ್ಮೆ ಓದಿ ನೋಡಿ.’

ಓದಿ ನೋಡಿದೆ. ಮೊದಲ ಸಂದೇಶದಿಂದ ಕೊನೆಯವರೆಗೂ ಓದಿದೆ. ನಿಜ. ಅವರು ಎಲ್ಲಿಯೂ ಹೇಳಿಲ್ಲ. ನಾನು ಮರಳು ಎಂದು ಕೇಳಿದಾಗ ಅವರು ಭರ್ತಿ ಎಂದಿದ್ದಾರೆ. ತೂಕ ಕೇಳಿದಾಗ ವ್ಯತ್ಯಾಸ ಇರುತ್ತದೆ ಎಂದಿದ್ದಾರೆ. ಜಾಹೀರಾತಿನಲ್ಲೂ ಮರಳು ಎಂಬ ಪದವಿಲ್ಲ, ಮರಳಿನ ಚಿತ್ರ ಮಾತ್ರ ಇದೆ. ಮಣಿಗಳು ಪುಟಿದಾಗ ಬಂದ ಸಿಟ್ಟಿಗಿಂತ ಇದನ್ನು ಓದಿದಾಗ ಬಂದ ಸಿಟ್ಟು ದೊಡ್ಡದು. ಏಕೆಂದರೆ ಮೋಸ ಚೀಲ ತುಂಬುವಾಗ ಆದದ್ದಲ್ಲ, ನನ್ನ ಮೊದಲ ಪ್ರಶ್ನೆಗೆ ಉತ್ತರ ಬರೆಯುವಾಗಲೇ ಆಗಿತ್ತು. ನಾನು ಕೇಳಿದ್ದು ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾದ್ದರಿಂದಲೇ ಆ ಪದವನ್ನು ತಪ್ಪಿಸಿ ಬರೆದರು.

ಅವರ ಕೊನೆಯ ಮಾತು: ‘ಮರಳೇ ಬೇಕಿದ್ದರೆ ಮೊದಲೇ ತಿಳಿಸಬೇಕಿತ್ತು ಸರ್. ಅದಕ್ಕೆ ಬೇರೆ ದರ.’

ಮೊದಲೇ ತಿಳಿಸಿರಲಿಲ್ಲವೇ ನಾನು?

ಚರ್ಮ ಚೆನ್ನಾಗಿದೆ ಎಂದು ಚೀಲವನ್ನು ಎಸೆಯಲಿಲ್ಲ. ಜಿರ್ಕಾನ್ ಮರಳು ತರಿಸಿ ನಾನೇ ತುಂಬಿದೆ. ಅರ್ಧ ದಿನ ಹಿಡಿಯಿತು. ಲಾಳಿಕೆ ಇಟ್ಟು, ಮೊದಲು ಕಿವಿಗಳಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ತುದಿ ದುಂಡಗಿರುವ ಮರದ ಕಡ್ಡಿಯಿಂದ ಜಡಿದು ಜಡಿದು ಕಲ್ಲಿನಂತಾಗುವವರೆಗೆ ತುಂಬಬೇಕು. ಕಿವಿ ಗಟ್ಟಿಯಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಹೊಟ್ಟೆ. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ, ಮರಳಿನ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮರಳಿನಲ್ಲಿ ತೇವವಿದ್ದರೆ ಒಣಗಿಸಿಯೇ ತುಂಬಿ. ನಡುವಿನ ಅಗಲ ಜಾಗ ಹೇಗೂ ಸರಿಹೋಗುವಂಥದ್ದಲ್ಲ, ಗಟ್ಟಿ ತುಂಬಿದಾಗ ಕಿವಿಗಳು ಒಳಮುಖವಾಗಿ ಉಬ್ಬಿ ಸ್ವಲ್ಪ ಹಿಡಿತ ಬಂತು, ಅಷ್ಟೇ.

ಈಗ ಅದು 7 ಕೆಜಿ 100 ಗ್ರಾಂ ಇದೆ. ಅದೇ ರೈಫಲ್, ಮೊದಲಿನ ಅದೇ ಮದ್ದು, ಅದೇ ಕೈ. ಮೊದಲ ಗ್ರೂಪ್ 0.34 ಇಂಚು.

ಕೊಳ್ಳುವವರಿಗೆ ಇಷ್ಟೇ ಹೇಳುತ್ತೇನೆ. ಒಳಗಿರುವುದು ಯಾವ ಮರಳು, ತುಂಬಿದ ಮೇಲೆ ಎಷ್ಟು ಕೆಜಿ ಎಂಬುದನ್ನು ಬರಹದಲ್ಲಿ ಪಡೆಯಿರಿ, ಆ ಪದ ಅವರ ಬಾಯಿಂದಲೇ ಬರಬೇಕು. ಸಾಧ್ಯವಾದರೆ ಖಾಲಿ ಚೀಲವನ್ನೇ ಕೊಳ್ಳಿ. ತುಂಬಿದ್ದು ಬಂದರೆ ಪೊಟ್ಟಣ ಬಿಚ್ಚಿದ ಗಳಿಗೆಯಲ್ಲೇ ತೂಗಿ, ಕಿವಿ ಒತ್ತಿ ನೋಡಿ. ಸ್ಟಾಕ್ ನಡುವಿನ ಹೊಲಿಗೆಗೆ ತಾಗುತ್ತಿದ್ದರೆ ಬೇಡವೇ ಬೇಡ. ಬೆಂಚಿನ ಮೇಲೆ ಚೀಲವನ್ನು ಬಲವಾಗಿ ಅಪ್ಪಳಿಸಿ ಕೂರಿಸಿ, ಬೋಲ್ಟ್ ತೆಗೆದಿಟ್ಟು, ರೈಫಲ್ಲನ್ನು ಕೈಯಿಂದ ಎರಡು ಇಂಚು ಹಿಂದಕ್ಕೂ ಮುಂದಕ್ಕೂ ಜಾರಿಸಿ ಸ್ಕೋಪಿನಲ್ಲಿ ನೋಡಿ. ಸ್ಟಾಕಿನ ತಳ ಇಳಿಜಾರಾಗಿದ್ದರೆ ಕ್ರಾಸ್‌ಹೇರ್ ಮೇಲೆ ಕೆಳಗೆ ಹೋಗುತ್ತದೆ, ಅದು ಸಹಜ. ಪಕ್ಕಕ್ಕೆ ಸರಿದರೆ ಚೀಲ ಮುಂದಿನ ರೆಸ್ಟಿನ ನೇರಕ್ಕೆ ಇಲ್ಲ ಎಂದು ಅರ್ಥ, ತಿರುಗಿಸಿ ಸರಿಪಡಿಸಿ. ಮುಂದಕ್ಕೆ ತಂದಾಗ ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಮದ್ದಿಗೆ ಕೈ ಹಾಕಬೇಡಿ, ಸ್ಕೋಪ್ ಬಿಚ್ಚಬೇಡಿ, ಮೊದಲು ಚೀಲ ಬಿಚ್ಚಿ.

‘200 ಗುಂಡು ಹೊಡೆಯಿರಿ, ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಒಂದನ್ನೂ ಹೊಡೆಯಬೇಡಿ.

ನಿನ್ನೆ ಮತ್ತೆ ಆ ಜಾಹೀರಾತನ್ನು ನೋಡಿದೆ. ಚೀಲದ ಪಕ್ಕ ಆ ಕಪ್ಪು ಮರಳಿನ ಗುಡ್ಡೆ ಹಾಗೆಯೇ ಇದೆ. ಕೆಳಗೆ ಯಾರೋ ‘ಇದರಲ್ಲಿ ಯಾವ ಮರಳು ಇದೆ?’ ಎಂದು ಕೇಳಿದ್ದಾರೆ. ‘ಬೆಂಚ್‌ರೆಸ್ಟ್‌ಗೆ ತಕ್ಕ ಭಾರದ ಭರ್ತಿ ಸರ್’ ಎಂದು ಉತ್ತರ ಕೊಟ್ಟಿದ್ದಾರೆ.