ರಕ್ತ ತೆಗೆಯೋದು ಚೆನ್ನಾಗಿದೆ, ರಿಪೋರ್ಟ್ ಮಾತ್ರ ಮಕ್ಕಳ ಅಳತೆಯದ್ದಲ್ಲ

ಮಗನಿಗೆ 15 ವರ್ಷ. ಸಣಕಲು ಹುಡುಗ, ಶಾಲೆಗೂ ಟ್ಯೂಷನ್ನಿಗೂ ಸೈಕಲ್ಲಿನಲ್ಲೇ ಹೋಗುತ್ತಾನೆ. ಆದರೂ ಮಕ್ಕಳ ಡಾಕ್ಟರು ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟ್ರಾಲ್ ನೋಡುವ ರಕ್ತಪರೀಕ್ಷೆ, ಮಾಡಿಸಿ ಅಂದರು. ಕಾರಣ, ನಮ್ಮಣ್ಣನಿಗೆ 42ನೇ ವಯಸ್ಸಿಗೇ ಸ್ಟೆಂಟ್ ಹಾಕಿದ್ದಾರೆ. ಮನೆಯಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಮಕ್ಕಳ ಕೊಲೆಸ್ಟ್ರಾಲ್ ನೋಡಿಸಬೇಕು. ತೆಳ್ಳಗಿದ್ದಾನೆ ಅಂತ ಬಿಡೋ ಹಾಗಿಲ್ಲ.

ದಾವಣಗೆರೆಯಲ್ಲಿ ಮನೆಗೇ ಬಂದು ರಕ್ತ ತಗೊಳ್ಳುವ ಈ ಲ್ಯಾಬ್‌ಗೆ ಫೋನ್ ಮಾಡಿದೆ. ಬುಕಿಂಗ್‌ನವರು ಫುಲ್ ಬಾಡಿ ಪ್ಯಾಕೇಜ್ ತಗೊಳ್ಳಿ ಅಂತ ತುಂಬಾ ಒತ್ತಾಯ ಮಾಡಿದರು. ಹದಿನೈದರ ಹುಡುಗನಿಗೆ ಅದೆಲ್ಲ ಯಾಕೆ? ಡಾಕ್ಟರು ಬರೆದಿದ್ದಷ್ಟೇ ಸಾಕು ಅಂದೆ.

ರಕ್ತ ತಗೊಳ್ಳಲು ಬಂದ ಹೆಣ್ಣುಮಗಳ ಕೆಲಸಕ್ಕೆ ಮಾತ್ರ ಪೂರ್ತಿ ಅಂಕ. ಬೆಳಗ್ಗೆ ಆರೂವರೆ ಅಂದರೆ ಆರೂವರೆಗೇ ಬಂದರು. ಹೊಸ ಸೂಜಿಯ ಪ್ಯಾಕೆಟ್ ನಮ್ಮೆದುರಿಗೇ ಬಿಚ್ಚಿದರು. ರಾತ್ರಿ ಎಷ್ಟು ಗಂಟೆಗೆ ಊಟ ಮಾಡಿದೆ ಅಂತ ಮಗನನ್ನೇ ಕೇಳಿದರು. ಉಂಡ ಮೇಲೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಏರುತ್ತೆ, ಅದಕ್ಕೇ ಖಾಲಿ ಹೊಟ್ಟೆ ಬೇಕು, ನೀರು ಕುಡಿಬಹುದು ಅಂತ ತಿಳಿಸಿ ಹೇಳಿದರು. ಒಂದೇ ಸಲಕ್ಕೆ ನರ ಸಿಕ್ಕಿತು. ಸಂಜೆಯೊಳಗೆ ವಾಟ್ಸಾಪ್‌ಗೆ ರಿಪೋರ್ಟ್ ಬಂತು.

ನನ್ನ ದೂರು ಇರೋದು ಈ ರಿಪೋರ್ಟ್ ಬಗ್ಗೆ. ಒಟ್ಟು ಕೊಲೆಸ್ಟ್ರಾಲ್ 180, ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ 114, ಟ್ರೈಗ್ಲಿಸರೈಡ್ 115, ಒಳ್ಳೆ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ 43. ಒಂದಕ್ಕೂ ಕೆಂಪು ಗುರುತಿಲ್ಲ. ಪಕ್ಕದಲ್ಲಿ ಅಚ್ಚಾಗಿದ್ದು ದೊಡ್ಡವರ ಮಿತಿ: ಒಟ್ಟು 200ರೊಳಗೆ, ಟ್ರೈಗ್ಲಿಸರೈಡ್ 150ರೊಳಗೆ. ಡಾಕ್ಟರು ನೋಡಿದ ಕೂಡಲೇ ಪೆನ್ ತಗೊಂಡು ಮಕ್ಕಳ ಮಿತಿ ಬರೆದರು. ಈ ವಯಸ್ಸಿಗೆ ಒಟ್ಟು 170ರೊಳಗೆ, ಎಲ್‌ಡಿಎಲ್ 110ರೊಳಗೆ, ಟ್ರೈಗ್ಲಿಸರೈಡ್ 90ರೊಳಗೆ ಇರಬೇಕು, ಎಚ್‌ಡಿಎಲ್ 45ಕ್ಕಿಂತ ಜಾಸ್ತಿ ಇರಬೇಕು. ಅಂದರೆ ನಾಲ್ಕೂ ಗಡಿಯಲ್ಲಿವೆ! ರಿಪೋರ್ಟಿನ ತಲೆಯಲ್ಲಿ ವಯಸ್ಸು 15 ಅಂತ ಲ್ಯಾಬಿನವರೇ ಅಚ್ಚು ಹಾಕಿದ್ದಾರೆ, ಅಲ್ವಾ? ಜೊತೆಗೆ, ಮೀಸೆ ಮೂಡುವ ವಯಸ್ಸಿನಲ್ಲಿ ಕೊಲೆಸ್ಟ್ರಾಲ್ ತಾನಾಗೇ ಸ್ವಲ್ಪ ಇಳಿದಿರುತ್ತೆ. ಆಗಲೂ ಇಷ್ಟಿದೆ ಅಂದರೆ ಸುಮ್ನೆ ಕೂರೋಕಾಗಲ್ಲ.

ಲ್ಯಾಬ್‌ಗೆ ಫೋನ್ ಮಾಡಿದರೆ "ಎಲ್ಲರಿಗೂ ಇದೇ ಫಾರ್ಮ್ಯಾಟ್ ಸರ್" ಎಂಬ ಉತ್ತರ ಸಿಕ್ಕಿತು. ಇದು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಅಪ್ಪ ಅಮ್ಮ ಕೆಂಪು ಗುರುತಿಲ್ಲ ಅಂತ ರಿಪೋರ್ಟ್ ಮಡಚಿ ಬೀರುವಿನಲ್ಲಿಡುತ್ತಾರೆ, ಡಾಕ್ಟರ ಹತ್ತಿರ ವಾಪಸ್ ಹೋಗೋದೇ ಇಲ್ಲ.

ಸದ್ಯ ಮಾತ್ರೆ ಬೇಡ ಅಂತ ಡಾಕ್ಟರು ಅಂದಿದ್ದಾರೆ. ಎಲ್‌ಡಿಎಲ್ 190 ದಾಟಿದ್ದರೆ ಅಥವಾ ಇಂಥ ಮನೆತನದಲ್ಲಿ 160 ದಾಟಿದ್ದರೆ, ಹುಟ್ಟಿನಿಂದಲೇ ಬರುವ ಕೊಲೆಸ್ಟ್ರಾಲ್ ಕಾಯಿಲೆಯ ಅನುಮಾನ ಬರುತ್ತಿತ್ತಂತೆ. ಅದಕ್ಕೆ ಬರೀ ಪಥ್ಯ ಸಾಲದು. ನಮ್ಮ ಹುಡುಗನಿಗೆ ಟ್ಯೂಷನ್ ಮುಗಿದ ಮೇಲಿನ ಎಗ್ ಪಫ್ಸು, ಬಾಟಲ್ ಜ್ಯೂಸು ನಿಲ್ಲಬೇಕು. ದಿನಕ್ಕೆ ಒಂದು ಗಂಟೆ ಬೆವರು ಬರುವಂಥ ಆಟ ಬೇಕು. ಮಿರ್ಚಿ ಮಂಡಕ್ಕಿಯಲ್ಲಿ ಮಂಡಕ್ಕಿ ಇರಲಿ, ಮಿರ್ಚಿ ಅಪರೂಪಕ್ಕೆ. ಒಂದೇ ಸಲದ ಅಂಕಿ ನಂಬೋಕಾಗಲ್ಲ ಅಂತ ಮೂರು ತಿಂಗಳೊಳಗೆ ಇನ್ನೊಂದು ಪರೀಕ್ಷೆ ಇದೆ.

ಆ ಪರೀಕ್ಷೆಗೂ ಇವರನ್ನೇ ಕರೆಸುತ್ತೇನೆ, ರಕ್ತ ತಗೊಂಡವರ ಮೇಲಿನ ನಂಬಿಕೆಯಿಂದ. ಐದರಲ್ಲಿ ಮೂರು ಸ್ಟಾರ್. ಮಕ್ಕಳ ರಿಪೋರ್ಟಿನಲ್ಲಿ ಮಕ್ಕಳ ಮಿತಿ ಅಚ್ಚಾದ ದಿನ ಉಳಿದ ಎರಡನ್ನೂ ಖಂಡಿತ ಕೊಡುತ್ತೇನೆ.