ಟೈಲ್ಸ್: ಇಟಲಿಯಿಂದ ತರಿಸೋಣವಾ, ಮೋರ್ಬಿಯದು ಸಾಕಾ?

ಹೊರದೇಶದಲ್ಲಿ ಟೈಲ್ಸ್‌ಗೆ ಹೆಸರಾದ ಊರುಗಳೆಂದರೆ ಇಟಲಿಯ ಸಾಸ್ಸುವೋಲೊ, ಸ್ಪೇನಿನ ಕಾಸ್ತೆಯೋನ್. ನಮ್ಮಲ್ಲಿ ಗುಜರಾತಿನ ಮೋರ್ಬಿ. ವಿನ್ಯಾಸ, ಬಣ್ಣದ ಆಳದಲ್ಲಿ ಇಟಲಿಯವರದು ಇನ್ನೂ ಒಂದು ಕೈ ಮೇಲೆ. ಗಟ್ಟಿತನದಲ್ಲಿ ಮಾತ್ರ ಊರು ನೋಡಬೇಡಿ, ನೀರು ಹೀರುವ ಪ್ರಮಾಣ ನೋಡಿ; ಅದು ಕಡಿಮೆಯಿದ್ದಷ್ಟೂ ಟೈಲ್ಸ್ ಗಟ್ಟಿ. ವಿಟ್ರಿಫೈಡ್ (ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಬಿಗಿಯಾದ ಟೈಲ್ಸ್) ಆದರೆ ಅದು 0.5% ದಾಟಬಾರದು. ಈ ಮಾಲು ಮೋರ್ಬಿಯಲ್ಲೂ ಧಾರಾಳವಾಗಿ ಸಿಗುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಸಾಗಣೆಯ ಖರ್ಚಿನಲ್ಲಿ, ಟೈಲ್ಸ್ ಅಷ್ಟು ಭಾರ. ಒಂದು ಚದರ ಮೀಟರ್ ಟೈಲ್ಸ್ ಸುಮಾರು 20 ಕೆ.ಜಿ. ತೂಗುತ್ತದೆ. ಹಡಗಿನಲ್ಲಿ ಬರುವ 20 ಅಡಿ ಕಂಟೇನರ್ ತೂಕದ ಮಿತಿ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ 13,000 ಚದರ ಅಡಿ ಮಾಲು ಹಿಡಿಸುತ್ತದೆ. ನಿಮ್ಮ ಮನೆಗೆ ಬೇಕಿರುವುದು 1,500 ಚದರ ಅಡಿ ಅಂದುಕೊಳ್ಳಿ. ಉಳಿದ ಜಾಗಕ್ಕೂ ನೀವೇ ದುಡ್ಡು ಕೊಡಬೇಕು. ಕಾರ್ಖಾನೆಯವರು ಹೇಳುವ ದರ ನೋಡಿ ಮರುಳಾಗಬೇಡಿ. ಹಡಗಿನ ಬಾಡಿಗೆ, ವಿಮೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಬಂದರಿನಿಂದ ಲಾರಿ, ಎಲ್ಲ ಸೇರಿಸಿ ಲೆಕ್ಕ ಹಾಕಿ. ಚೀನಾದ್ದಾದರೆ ಆ್ಯಂಟಿ-ಡಂಪಿಂಗ್ ಸುಂಕ (ತೀರಾ ಅಗ್ಗಕ್ಕೆ ಬರುವ ಹೊರದೇಶದ ಮಾಲಿನ ಮೇಲೆ ಹಾಕುವ ಹೆಚ್ಚುವರಿ ಸುಂಕ) ಇದೆಯೇ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ತಲೆನೋವು ಬ್ಯಾಚ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಮಾಲು. ಬೇರೆ ಬ್ಯಾಚಿನಲ್ಲಿ ಬಣ್ಣ ಚೂರು ಬದಲಾಗುತ್ತದೆ. ಆಮೇಲೆ ನಾಲ್ಕು ಟೈಲ್ಸ್ ಒಡೆದರೆ ಇಟಲಿಯಿಂದ ಯಾರು ತರುತ್ತಾರೆ? ಎಲ್ಲಿಯದಾದರೂ 10% ಜಾಸ್ತಿ ತೆಗೆದಿಡಿ.

ಹೋಟೆಲ್, ಅಪಾರ್ಟ್‌ಮೆಂಟ್ ಕಟ್ಟುವವರು ನೇರವಾಗಿ ತರಿಸಬಹುದು. ಒಂದು ಮನೆಗಾದರೆ ನಾನು ಮೋರ್ಬಿ ಎನ್ನುತ್ತೇನೆ. ಇಟಲಿಯದೇ ಬೇಕೆಂದು ಹಟವಿದ್ದರೆ ಬೆಂಗಳೂರಿನ ಡೀಲರ್ ಹತ್ತಿರ ಸ್ಟಾಕ್ ಇರುವುದನ್ನೇ ಕೊಳ್ಳಿ, ಅದೂ ಹಾಲ್‌ಗೆ ಮಾತ್ರ.