ಒಂದು ರೂಟರ್, ಮೂರು ಬ್ಯಾಕಪ್: ಯಾವುದು ಬಾಳುತ್ತದೆ?

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟು ಇದ್ದರೇ ವಿಶೇಷ. ಕೆಲಸ ಮಾತ್ರ ನೆಟ್ ಮೇಲೆಯೇ ನಡೆಯಬೇಕು. ಹಾಗಾಗಿ ಒಂದೇ ಫೈಬರ್ ರೂಟರ್‌ಗೆ ಮೂರು ಥರದ ಬ್ಯಾಕಪ್ ಹಾಕಿ ನೋಡಿದೆ. ಅಡಾಪ್ಟರ್ ಮೇಲೆ 12 ವೋಲ್ಟ್, 1.5 ಆಂಪ್ ಅಂತಿದೆ. ಅಂದರೆ ಜಾಸ್ತಿ ಅಂದ್ರೆ 18 ವ್ಯಾಟ್. ನಿಜವಾಗಿ ಎಳೆಯುವುದು 10ರ ಆಸುಪಾಸು.

ಮೊದಲು ಕಂಪ್ಯೂಟರಿನ 600 ವಿಎ ಯುಪಿಎಸ್. ಒಳಗೆ 12 ವೋಲ್ಟ್, 7 ಎಎಚ್ (ಆಂಪ್-ಅವರ್) ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್, ಎಂಟು ತಾಸು ಬರಬೇಕು ಅಲ್ವಾ? ಅರ್ಧವೂ ಬರಲಿಲ್ಲ. ಬ್ಯಾಟರಿಯ 12 ವೋಲ್ಟನ್ನು ಅದು 230ಕ್ಕೆ ಏರಿಸುತ್ತದೆ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುತ್ತದೆ. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ. ಜೊತೆಗೆ ಯುಪಿಎಸ್‌ನ ಸ್ವಂತ ಖರ್ಚು ಬೇರೆ. ಲೋಡ್ ಚಿಕ್ಕದಿದ್ದಾಗ ಈ ಖರ್ಚೇ ದೊಡ್ಡದಾಗುತ್ತದೆ. ಮೇಲೆ ಆ ಕೀಂ ಕೀಂ ಸದ್ದು.

ಮನೆಯ ಇನ್ವರ್ಟರ್ ದಮ್ಮಿನಲ್ಲಿ ಎಲ್ಲರ ಅಪ್ಪ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಗೆ ರೂಟರ್ ಲೆಕ್ಕಕ್ಕೇ ಇಲ್ಲ. ತೊಂದರೆ ಇರುವುದು ಹಿಂದಿನ ಸಣ್ಣ ಸ್ವಿಚ್ಚಿನಲ್ಲಿ. ನಾರ್ಮಲ್ ಮೋಡ್‌ನಲ್ಲಿಟ್ಟರೆ ಬ್ಯಾಟರಿಗೆ ಹೊರಳಲು ಕೊಂಚ ತಡ. ಅಷ್ಟರಲ್ಲಿ ಒಮ್ಮೊಮ್ಮೆ ರೂಟರ್ ಆಫ್ ಆಗಿ ಆನ್ ಆಗುತ್ತದೆ, ಮೀಟಿಂಗ್ ಕಟ್. ಯುಪಿಎಸ್ ಮೋಡ್‌ಗೆ ಹಾಕಿದರೆ ಈ ತಡ ತುಂಬಾ ಕಮ್ಮಿ. ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಅದು ಕರೆಂಟನ್ನೇ ಒಪ್ಪುವುದಿಲ್ಲ. ಹಳ್ಳಿಯ ಸಂಜೆಯ ಲೋ ವೋಲ್ಟೇಜಿನಲ್ಲಿ ಕರೆಂಟು ಇದ್ದೂ ಬ್ಯಾಟರಿ ಸುಮ್ನೆ ಖಾಲಿ.

ನನ್ನ ಓಟು ಮಿನಿ ಯುಪಿಎಸ್‌ಗೆ. ಅಡಾಪ್ಟರ್ ಮತ್ತು ರೂಟರ್ ನಡುವೆ ಕೂರುವ ಪುಟ್ಟ ಡಬ್ಬಿ, ಒಳಗೆ ಲಿಥಿಯಂ ಸೆಲ್‌ಗಳು. 230ರ ಗೊಡವೆ ಇಲ್ಲ, ನೇರ 12 ವೋಲ್ಟ್ ಕೊಡುತ್ತದೆ. ಕರೆಂಟು ಹೋದದ್ದು ರೂಟರ್‌ಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. 8800 ಎಂಎಎಚ್ ಎಂದರೆ ಸಾಮಾನ್ಯವಾಗಿ ಸೆಲ್‌ನ 3.7 ವೋಲ್ಟಿನ ಲೆಕ್ಕ. ಅಲ್ಲಿಗೆ ಸುಮಾರು 32 ವ್ಯಾಟ್-ಅವರ್, ಮೂರು ತಾಸಿನ ಒಳಗೆ ಮುಗಿಯುತ್ತದೆ. ಕೆಲವು ರೂಟರ್‌ಗಳಿಗೆ 9 ವೋಲ್ಟ್ ಸಾಕು. ಅದಕ್ಕೆ 12 ಕೊಟ್ಟರೆ ಸುಟ್ಟೇ ಹೋದೀತು. ಅಡಾಪ್ಟರಿನ ಲೇಬಲ್ ಓದಿಯೇ ತನ್ನಿ.

ಈಗ ಎರಡನ್ನೂ ಸೇರಿಸಿದ್ದೇನೆ. ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿದೆ, ಅದರ ಪ್ಲಗ್ಗಿಗೆ ಮಿನಿ ಯುಪಿಎಸ್. ಹೊರಳುವ ಹೊತ್ತಿನ ಗ್ಯಾಪನ್ನು ಡಬ್ಬಿ ತುಂಬುತ್ತದೆ, ಉದ್ದದ ಓಟ ಇನ್ವರ್ಟರಿನದು. ಕಂಪ್ಯೂಟರ್ ಯುಪಿಎಸ್ ವಾಪಸ್ ಕಂಪ್ಯೂಟರಿಗೇ ಹೋಯಿತು.

ಇಷ್ಟೆಲ್ಲ ಮಾಡಿಯೂ ರೂಟರಿನಲ್ಲಿ ಎಲ್‌ಒಎಸ್ ಕೆಂಪು ದೀಪ ಮಿನುಗಿದರೆ ಮನೆಯ ಬ್ಯಾಕಪ್ ಏನೂ ಮಾಡಲಾಗದು. ಆ ಕಡೆಯಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಆಪರೇಟರ್ ಕಡೆಯಿಂದ ಆ ಬೆಳಕು ಕಳಿಸುವ ಓಎಲ್‌ಟಿ ಎಂಬ ಯಂತ್ರಕ್ಕೂ ಕರೆಂಟು ಬೇಕು. ಇಲ್ಲವೇ ಲೈನಿನ ಮೇಲೆ ಬಿದ್ದ ಮರ ಅದೇ ಕಂಬದ ಫೈಬರನ್ನೂ ಎಳೆದಿರುತ್ತದೆ. ದುಡ್ಡು ಹಾಕುವ ಮುಂಚೆ, ಅವರ ಬ್ಯಾಟರಿ ಎಷ್ಟು ತಾಸು ಬರುತ್ತದೆ ಅಂತ ಒಂದು ಮಾತು ಕೇಳಿ. ಅಲ್ಲಿ ಎರಡೇ ತಾಸು ಅಂದರೆ ರೂಟರ್ ಒಂದಕ್ಕೇ ದೊಡ್ಡ ಬ್ಯಾಟರಿ ತರುವುದು ದಂಡ.